ಇಬ್ಬರು ಭಾವಂದಿರ ಪಿಜ್ಜಾ

ಬಹ್ರೇನಿನ ಬುದಯ್ಯದಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಎರಡು ಬಾಗಿಲುಗಳಿದ್ದವು. ಮುಂದಿನದನ್ನು ತೆರೆದರೆ ಅಪ್ಪನ ಅಂಗಡಿಯ ಅಡುಗೆಕೋಣೆಗೆ ಹೋಗುವ ಸಂದಿ, ಹಿಂದಿನದನ್ನು ತೆರೆದರೆ ಮರಳು ತುಂಬಿದ ಹಿತ್ತಿಲು. ನಾನು ಆರನೇ ಕ್ಲಾಸಿನಲ್ಲಿದ್ದ ಆ ಚಳಿಗಾಲದಲ್ಲಿ ಅಪ್ಪ ಮುಂದಿನ ಬಾಗಿಲಿನಿಂದ ಮಾತ್ರ ಓಡಾಡಿದರು, ಅಮ್ಮನ ತಮ್ಮ ರಘು ಮಾವ ಹಿಂದಿನ ಬಾಗಿಲಿನಿಂದ ಮಾತ್ರ. ಒಂದೇ ಸೂರಿನಡಿ ಮಲಗಿ ಏಳುತ್ತಿದ್ದ ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ತಿಂಗಳುಗಳನ್ನು ಕಳೆದರು. ಆಗಿನ ಅಮ್ಮನ ವಯಸ್ಸು ಈಗ ನನಗಾಗಿದೆ. ಅವಳು ಆ ಮನೆಯನ್ನು ಹೇಗೆ ಹಿಡಿದುಕೊಂಡಿದ್ದಳೋ ಎಂದು ಈಗ ಯೋಚಿಸುತ್ತೇನೆ.

ಅಪ್ಪ ಸುರತ್ಕಲ್ ಕಡೆಯವರು, ಅವರ ಮನೆಮಾತು ತುಳು. ಅಮ್ಮ ಕುಂದಾಪುರದವಳು. ಇಬ್ಬರೂ ಒಪ್ಪಿಕೊಂಡು ನಮ್ಮ ಮನೆಯಲ್ಲಿ ಕನ್ನಡ ನಡೆಯುತ್ತಿತ್ತು. ಸಿಟ್ಟು ಬಂದಾಗ ಮಾತ್ರ ಇಬ್ಬರೂ ಅವರವರ ಊರಿನ ಮಾತಿಗೆ ಹೋಗಿಬಿಡುತ್ತಿದ್ದರು. ಅಮ್ಮ ಸಲ್ಮಾನಿಯಾದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಪ್ಪನದು ಪಿಜ್ಜಾ, ಬರ್ಗರ್, ಜ್ಯೂಸಿನ ಅಂಗಡಿ. ವಾರದ ರಜೆಯ ಸಂಜೆ ಅಂಗಡಿಯ ಮುಂದೆ ಕಾರುಗಳು ಸಾಲಾಗಿ ನಿಂತು ಹಾರ್ನ್ ಹೊಡೆಯುತ್ತಿದ್ದವು; ಯಾರೂ ಇಳಿಯುತ್ತಿರಲಿಲ್ಲ, ಆರ್ಡರು ತೆಗೆದುಕೊಳ್ಳಲು ಅಂಗಡಿಯವರೇ ಕಾರಿನ ಕಿಟಕಿಗೆ ಹೋಗಬೇಕು. ಅಪ್ಪನ ಪಿಜ್ಜಾ ದಪ್ಪಗೆ, ಮೆತ್ತಗೆ ಇರುತ್ತಿತ್ತು. ಮೇಲೆ ಡಬ್ಬಿಯಿಂದ ಬಂದ ಸಿಹಿ ಕೆಂಪು ಸಾಸು, ಎಳೆದಷ್ಟೂ ಬರುವ ಚೀಸು, ಅದರ ಮೇಲೆ ಚಿಕನ್ ಟಿಕ್ಕಾ, ಜೋಳ; ಗುಜರಾತಿ ಕುಟುಂಬಗಳಿಗಾದರೆ ಪನೀರ್. ಹುಟ್ಟುಹಬ್ಬಕ್ಕೆ ಶಾಲೆಯ ನನ್ನ ಗೆಳತಿಯರು ಕೇಳುತ್ತಿದ್ದದ್ದು ಅದನ್ನೇ. ನನಗೂ ಅದು ಇಷ್ಟವಿತ್ತು. ಪಿಜ್ಜಾ ಎಂದರೆ ಬೇರೆ ಇರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ರಘು ಮಾವ ಇಟಲಿಯ ಒಂದು ಪ್ರಯಾಣಿಕರ ಹಡಗಿನಲ್ಲಿ ವರ್ಷಗಟ್ಟಲೆ ಅಡುಗೆ ಕೆಲಸ ಮಾಡಿದವನು. ಅಲ್ಲಿ ನೇಪಲ್ಸಿನ ಒಬ್ಬ ಮುದುಕ ಅವನಿಗೆ ಪಿಜ್ಜಾ ಕಲಿಸಿದ್ದ. ಹಡಗು ಸಾಕು, ನೆಲದ ಮೇಲೆ ಇರು ಎಂದು ಅಮ್ಮ ಫೋನಿನಲ್ಲಿ ಬೇಡಿಕೊಂಡ ಮೇಲೆ, ಅಪ್ಪನೇ ತಮ್ಮ ಅಂಗಡಿಯ ಹೆಸರಿನಲ್ಲಿ ವೀಸಾ ಮಾಡಿಸಿ ಅವನನ್ನು ಕರೆಸಿದರು. ಏರ್‌ಪೋರ್ಟಿಗೆ ಹೋಗುವ ಮೊದಲು ಕ್ಷೌರ ಮಾಡಿಸಿಕೊಂಡರು. ಅಕ್ಕಪಕ್ಕದ ಅಂಗಡಿಯವರಿಗೆಲ್ಲ, ನಮ್ಮಲ್ಲಿಗೆ ಇಟಲಿಯ ಕುಕ್ ಬರ್ತಿದ್ದಾನೆ, ನನ್ನ ಹೆಂಡತಿಯ ತಮ್ಮ ಎಂದು ಹೇಳಿ ಬಂದಿದ್ದರು. ಮಾವ ಬಂದ ಸಂಜೆ ಅಂಗಡಿಯಿಂದ ಎಲ್ಲಕ್ಕಿಂತ ದೊಡ್ಡ ಪಿಜ್ಜಾ ಮನೆಗೆ ಬಂತು. ಮಾವ ಒಂದು ತುಂಡು ತಿಂದು, ನೀರು ಕುಡಿದು, ಕೈ ಒರೆಸಿಕೊಂಡ.

"ಹೇಗುಂಟು ರಘು?" ಅಪ್ಪ ಕೇಳಿದರು.

"ಬಿಸಿ ಇತ್ತ್ ಭಾವ."

ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ತಮ್ಮನ ಆ ಧ್ವನಿ ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು.

ಮಾರನೆಯ ದಿನ ನಾನು ಶಾಲೆಯಿಂದ ಬರುವಾಗ ಮಾವ ನಮ್ಮ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ. ಹಿಟ್ಟು, ನೀರು, ಉಪ್ಪು, ಚಿಟಿಕೆ ಯೀಸ್ಟು, ಅಷ್ಟೇ. ಅದನ್ನು ಉಂಡೆ ಮಾಡಿ ಒದ್ದೆ ಬಟ್ಟೆ ಮುಚ್ಚಿ ಒಂದು ಸ್ಟೀಲು ಡಬ್ಬಿಯಲ್ಲಿಟ್ಟ. ನಾನು ಮುಚ್ಚಳ ತೆಗೆಯಲು ಹೋದರೆ, "ಮುಟ್ಟೂಕಾಗ ಹೆಣ್ಣೆ, ಅದ್ ಮಲಗಿತ್ತ್" ಎಂದ. ಅದು ಮರುದಿನ ಮಧ್ಯಾಹ್ನದವರೆಗೂ ಮಲಗಿತ್ತು. ಮುಚ್ಚಳ ತೆರೆದಾಗ ಹುದುಗಿದ ದೋಸೆ ಹಿಟ್ಟಿನದೇ ವಾಸನೆ, ಆದರೆ ಇನ್ನೂ ಸೌಮ್ಯ. ಮಾವ ಲಟ್ಟಣಿಗೆ ಮುಟ್ಟಲಿಲ್ಲ. ಬೆರಳ ತುದಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತ, ಅಂಚನ್ನು ಮಾತ್ರ ಮುಟ್ಟದೆ ಬಿಟ್ಟು, ಕೈಯಿಂದ ಕೈಗೆ ಹಾಯಿಸಿ ತೆಳ್ಳಗೆ ಮಾಡಿದ. ಬುದಯ್ಯದ ತೋಟಗಳಿಂದ ತಂದ ಹಣ್ಣಾದ ಟೊಮೆಟೊವನ್ನು ಕೈಯಲ್ಲೇ ಹಿಸುಕಿ ಉಪ್ಪು ಹಾಕಿದ. ಬೇಯಿಸಲೂ ಇಲ್ಲ. ಬಿಳಿ ಚೀಸನ್ನು ಅಲ್ಲಲ್ಲಿ ಹರಿದು ಹಾಕಿ, ಇಲ್ಲಿಯವರು ರೆಹಾನ್ ಎನ್ನುವ ಎಲೆಯನ್ನು ಇಟ್ಟ. ತುಳಸಿಯಂಥ ಎಲೆಯನ್ನು ಬೇಯಿಸುವುದಕ್ಕೆ ಅಮ್ಮ ಸ್ವಲ್ಪ ಅನುಮಾನಿಸಿದಳು. ನಮ್ಮ ಗ್ಯಾಸ್ ಒಲೆಯ ಓವನ್ನಿನಲ್ಲಿ ಶಾಖ ಸಾಲದೆಂದು ಕಬ್ಬಿಣದ ದೋಸೆ ಕಾವಲಿಯನ್ನು ಹೊಗೆ ಏಳುವಷ್ಟು ಕಾಯಿಸಿ, ಕವುಚಿ, ಅದರ ಮೇಲೆ ಹಾಕಿ ಮೇಲುರಿಯ ಕೆಳಗೆ ತಳ್ಳಿದ. ನಾನು ತಟ್ಟೆ ತರುವಷ್ಟರಲ್ಲಿ ಆಗಿಹೋಗಿತ್ತು.

ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಗುಳ್ಳೆ ಎದ್ದಿತ್ತು. ನಡು ಎಷ್ಟು ಮೃದುವೆಂದರೆ ತುಂಡನ್ನು ಮಡಚದೆ ಎತ್ತುವಂತಿರಲಿಲ್ಲ. ಬಾಯಿಗಿಟ್ಟರೆ ಮೊದಲು ಟೊಮೆಟೊದ ಹುಳಿ, ಹಣ್ಣಿನದೇ ಹುಳಿ, ಆಮೇಲೆ ಚೀಸಿನ ಹಾಲು, ಆಮೇಲೆ ಅಗಿಯುತ್ತ ಹೋದಂತೆ ಹಿಟ್ಟಿನ ಒಳಗಿನಿಂದ ಬರುವ ತೆಳು ಸಿಹಿ. ಸಕ್ಕರೆ ಹಾಕದೆ ಬಂದ ಸಿಹಿ ಅದು. ಸುಟ್ಟ ಗುಳ್ಳೆಯ ಒಂಚೂರು ಕಹಿ ಇಲ್ಲದಿದ್ದರೆ ಆ ಸಿಹಿ ನನಗೆ ತಿಳಿಯುತ್ತಲೇ ಇರಲಿಲ್ಲ. "ಕೆಂಡದಲ್ ಸುಟ್ಟ ಹಪ್ಪಳದ ವಾಸನೆ" ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡು. ಎರಡನೆಯದಕ್ಕೆ ಮಾವ ಚೀಸೇ ಹಾಕಲಿಲ್ಲ. ಬೆಳ್ಳುಳ್ಳಿ, ಟೊಮೆಟೊ, ಉಪ್ಪಿನಲ್ಲಿ ಹಾಕಿಟ್ಟ ಸಣ್ಣ ಮೀನು. ಅದನ್ನು ತಿಂದು ಅಮ್ಮ ಇನ್ನೊಂದು ತುಂಡಿಗೆ ಕೈ ಚಾಚಿದಳು. ಒಣಮೀನು ಸುಟ್ಟು ಗಂಜಿಯುಣ್ಣುತ್ತ ಬೆಳೆದವಳಿಗೆ ಇಟಲಿಯವರು ದೂರದವರೆನಿಸಲಿಲ್ಲವೋ ಏನೋ. ಅಷ್ಟರಲ್ಲಿ ಅಪ್ಪ ಅಂಗಡಿಯಿಂದ ಬಂದರು. ನಿಂತಲ್ಲೇ ಒಂದು ತುಂಡು ಎತ್ತಿ, ತಿರುಗಿಸಿ ನೋಡಿ, ತಿಂದರು.

"ಚೀಸ್ ಎಲ್ಲಿ? ಕೆಳಗೆ ಸೀದಿದೆಯಲ್ಲ" ಎಂದರು.

"ಹಂಗೇ ಇರ್ಕ್ ಭಾವ. ಅಂಗಡಿಯಲ್ಲಿ ನೀವ್ ಮಾಡುದ್ ಪಿಜ್ಜಾ ಅಲ್ಲ."

ಅಪ್ಪನ ಕೈಯಲ್ಲಿ ಅರ್ಧ ತುಂಡು ಇನ್ನೂ ಇತ್ತು. ಅದನ್ನು ತಟ್ಟೆಗಿಟ್ಟು ಅವರು ವಾಪಸು ಹೋದರು. ಅಮ್ಮ ತಮ್ಮನ ಕಡೆ ತಿರುಗಿ, "ನಿಂಗೆ ಬಾಯಿ ಯಾಕೆ ಕೊಟ್ಟನೋ ದೇವರು" ಎಂದಳು.

ಅಂಗಡಿಯಲ್ಲಿ ಮಾವ ಸ್ವಲ್ಪ ಕಾಲ ಬಾಯಿ ಮುಚ್ಚಿಕೊಂಡೇ ಅಪ್ಪನ ಪಿಜ್ಜಾ ಮಾಡಿದ. ಆದರೆ ಅವನ ಬಾಯಿ ಮುಚ್ಚಿದ್ದರೂ ಮುಖ ಮುಚ್ಚಿರಲಿಲ್ಲ. ಸಾಸಿನ ಡಬ್ಬಿ ತೆರೆಯುವಾಗ ಮೂಗು ಆ ಕಡೆ ತಿರುಗಿಸುತ್ತಿದ್ದನಂತೆ. ಒಂದು ರಜೆಯ ಸಂಜೆ, ನನ್ನ ಶಾಲೆಯ ಹುಡುಗಿಯೊಬ್ಬಳ ತಾಯಿ ಕಾರಿನಿಂದ ತಾನೇ ಇಳಿದು ಬಂದು, ಹೋದ ಸಲದ್ದು ತುಂಬ ಚೆನ್ನಾಗಿತ್ತು, ಇನ್ನೂ ಹೆಚ್ಚು ಚೀಸ್ ಹಾಕಿ ಕೊಡಿ ಎಂದಳು. ನಾನು ಕೌಂಟರಿನ ಪಕ್ಕ ಹೋಮ್‌ವರ್ಕ್ ಮಾಡುತ್ತ ಕೂತಿದ್ದೆ. ಮಾವ ಒಳಗಿನಿಂದ ಬಂದು ಹಿಂದಿಯಲ್ಲಿ, "ಮೇಡಂ, ಅದು ಪಿಜ್ಜಾ ಅಲ್ಲ, ಕೇಕು. ನಾನು ನಿಮಗೆ ಪಿಜ್ಜಾ ಕೊಡ್ತೇನೆ" ಎಂದು, ಮನೆಯಲ್ಲಿ ಕಲಸಿಟ್ಟಿದ್ದ ಹಿಟ್ಟು ತಂದು ತನ್ನದನ್ನು ಮಾಡಿ ಪೆಟ್ಟಿಗೆಯಲ್ಲಿಟ್ಟು ಕೊಟ್ಟ. ಆಕೆ ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ವಾಪಸು ತಂದಳು. ಅಂಚು ಸೀದಿದೆ, ನಡುವೆ ಹಸಿ ಇದೆ, ಮಗು ಮುಟ್ಟಲಿಲ್ಲ ಎಂದಳು. ಸಿಟ್ಟೇನೂ ಮಾಡಲಿಲ್ಲ. ಅದೇ ಅಪ್ಪನಿಗೆ ಹೆಚ್ಚು ಅವಮಾನವಾಯಿತೆಂದು ಕಾಣುತ್ತದೆ. ಆಕೆ ಹೋದ ಮೇಲೆ, ಅಂಗಡಿಯ ಎಲ್ಲರೂ ನೋಡುತ್ತಿದ್ದಂತೆ, ಅಪ್ಪ ತುಳುವಿನಲ್ಲಿ ಬೈದರು. ಮಾವನಿಗೆ ತುಳು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಅನ್ನ ಹಾಕಿದ ಮನೆಯ ಒಲೆಗೆ ಉಗುಳುವವನು ಎಂಬ ಅರ್ಥದ ಮಾತು ಅದು. ಮಾವ ನನ್ನನ್ನು ನೋಡಿದ. ನಾನು ಪುಸ್ತಕ ನೋಡಿದೆ. ಅವನು ಏಪ್ರನ್ ಬಿಚ್ಚಿ ಕೌಂಟರಿನ ಮೇಲಿಟ್ಟು, ಅಂಗಡಿಯ ಹಿಂದಿನಿಂದ ಸುತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಮನೆಗೆ ಹೋದ.

ಅಲ್ಲಿಂದ ಮನೆಯಲ್ಲಿ ಮಾತು ನಿಂತಿತು. ಮಾವ ಅಂಗಡಿಗೆ ಹೋಗಲಿಲ್ಲ, ಅಪ್ಪ ಕರೆಯಲಿಲ್ಲ. ಅಮ್ಮ ಡ್ಯೂಟಿಯಿಂದ ಬಂದು ಎರಡು ಸಲ ಬಡಿಸುತ್ತಿದ್ದಳು. ಅಪ್ಪ ಉಂಡು ಎದ್ದ ಮೇಲೆ ಮೇಜು ಒರೆಸಿ ಮಾವನಿಗೆ. ಅವಳು ಯಾರ ಜೊತೆ ಉಣ್ಣುತ್ತಿದ್ದಳು ಎಂಬುದು ನನಗೆ ನೆನಪಾಗುವುದೇ ಇಲ್ಲ. "ಸಾರು ಸಾಕಾ ಅಂತ ಅವನಿಗೆ ಕೇಳು" ಎಂದು ಅಪ್ಪ ಹಾಲ್‌ನಲ್ಲಿ ಕೂತು ನನಗೆ ಹೇಳಿದರೆ, ನಾಲ್ಕು ಹೆಜ್ಜೆ ದೂರದ ಅಡುಗೆಮನೆಯಲ್ಲಿ ಮಾವ, "ಸಾಕ್ ಅಂತ್ ಹೇಳ್" ಎನ್ನುತ್ತಿದ್ದ. ಫ್ರಿಜ್ಜಿನ ಬಾಗಿಲು ಜೋರಾಗಿ ಮುಚ್ಚಿದರೆ ಎಲ್ಲರೂ ತಲೆಯೆತ್ತುತ್ತಿದ್ದರು. ಅಮ್ಮನ ಫೋನಿಗೆ ಕುಂದಾಪುರದಿಂದ ಅಜ್ಜಿಯ ಕರೆ ಬಂದಾಗ ಅವಳು ಬಾತ್‌ರೂಮಿಗೆ ಹೋಗಿ, ಎಲ್ಲ ಚೆನ್ನಾಗಿದೆ, ಇಬ್ಬರೂ ಅಂಗಡಿಯಲ್ಲಿದ್ದಾರೆ ಎನ್ನುತ್ತಿದ್ದಳು.

ಆ ಖಾಲಿ ದಿನಗಳಲ್ಲಿ ಮಾವ ನಮ್ಮ ಬೀದಿಯ ರೊಟ್ಟಿ ಅಂಗಡಿಯವನ ಗೆಳೆತನ ಮಾಡಿಕೊಂಡ. ನೆಲದಲ್ಲಿ ಹೂತ ತಂದೂರಿನ ಗೋಡೆಗೆ ಹಿಟ್ಟು ಬಡಿದು ಖುಬ್ಬೂಸ್ ತೆಗೆಯುತ್ತಿದ್ದ ಆ ಮನುಷ್ಯ ತನ್ನ ಹಳೆ ಒಲೆಯ ಇಟ್ಟಿಗೆಗಳನ್ನು ಮಾವನಿಗೆ ಕೊಟ್ಟ. ಅಮ್ಮನ ರಜೆಯ ದಿನ ಅಕ್ಕ ತಮ್ಮ ಸೇರಿ ಹಿತ್ತಿಲಿನಲ್ಲಿ ಗುಮ್ಮಟದ ಹಾಗೆ ಒಂದು ಒಲೆ ಕಟ್ಟಿದರು. ಅಮ್ಮ ಸೀರೆ ಸಿಕ್ಕಿಸಿಕೊಂಡು ಮಣ್ಣು ಕಲಸಿ ಬಳಿಯುತ್ತಿದ್ದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಬಹ್ರೇನಿನಲ್ಲಿ ಕಂಡಿರಲಿಲ್ಲ. ಮಣ್ಣು ಒಣಗಲು ಬಿಟ್ಟು ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಅಪ್ಪ ಮುಂದಿನ ಬಾಗಿಲಿನಿಂದ ಬಂದು, ಕಿಟಕಿಯಲ್ಲಿ ಅದನ್ನು ಕಂಡರು. ವಾಪಸು ಅಂಗಡಿಗೆ ಹೋಗಿ, ಸುತ್ತಿಗೆ ಹಿಡಿದುಕೊಂಡು ಹಿತ್ತಿಲಿಗೆ ಬಂದರು.

ಅಮ್ಮ ಎದ್ದಳು. ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಹೋಗಿ ಒಲೆಯ ಬಾಯಿಯ ಮುಂದೆ ಹಾಕಿ, ಅದರ ಮೇಲೆ ಕೂತು, ಬೆಳ್ಳುಳ್ಳಿಯ ಬುಟ್ಟಿಯನ್ನು ಮಡಿಲಿಗಿಟ್ಟುಕೊಂಡು ಸುಲಿಯತೊಡಗಿದಳು.

"ಏಳು" ಎಂದರು ಅಪ್ಪ. "ಮನೆ ಮಾಲೀಕ ನೋಡಿದ್ರೆ ಬಿಡಿಸ್ತಾನೆ. ಅಂಗಡಿಯೂ ಅವನದ್ದೇ, ಗೊತ್ತುಂಟಲ್ಲ?"

"ಅವರ ಮನೆಯವರನ್ನ ಕೇಳಿಯೇ ಕಟ್ಟಿದ್ದು."

"ನನ್ನನ್ನು ಕೇಳ್ಬೇಕಂತ ಇಲ್ಲವಾ?"

"ನೀವು ಮಾತಾಡ್ತಿದ್ರೆ ಕೇಳ್ತಿದ್ದೆ."

ಮಾವ ಮುಂದೆ ಬಂದ. "ಅಕ್ಕ, ಬಿಡ್. ಒಡೀಲಿ."

"ನೀ ಸುಮ್ನಿರ್" ಎಂದಳು ಅಮ್ಮ, ಅವನ ಕಡೆ ನೋಡದೆ.

ಅಪ್ಪ ಸುತ್ತಿಗೆ ಹಿಡಿದು ಒಂದು ಹೆಜ್ಜೆ ಮುಂದೆ ಬಂದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅಪ್ಪ ಯಾರ ಮೇಲೂ ಕೈ ಎತ್ತಿದವರಲ್ಲ. ಆದರೂ ಆ ಹೊತ್ತು ನನಗೆ ಅವರ ಗುರುತು ಸಿಗಲಿಲ್ಲ. "ನಾಳೆಯೇ ಇವನ ವೀಸಾ ಕ್ಯಾನ್ಸಲ್ ಮಾಡ್ತೇನೆ" ಎಂದರು. "ಟಿಕೆಟ್ ನಾನೇ ತೆಗೆದು ಕೊಡ್ತೇನೆ. ಊರಿಗೆ ಹೋಗ್ಲಿ."

ಅಮ್ಮ ಸುಲಿದ ಎಸಳನ್ನು ಬುಟ್ಟಿಗೆ ಹಾಕಿದಳು.

"ತೆಗೆಯುವುದಾದ್ರೆ ಮೂರು ತೆಗೀರಿ" ಎಂದಳು. "ಅವನದ್ದು, ನನ್ನದು, ಮಗಳದ್ದು."

ಅವಳ ಧ್ವನಿ ಏರಿರಲಿಲ್ಲ. ಅದಕ್ಕೇ ಅದು ಬೆದರಿಕೆಯಲ್ಲ ಎಂದು ಎಲ್ಲರಿಗೂ ತಿಳಿಯಿತು. ಅಪ್ಪ ನನ್ನ ಕಡೆ ನೋಡಿದರು. ಸುತ್ತಿಗೆಯನ್ನು ಮರಳಿನ ಮೇಲೆ ಬಿಟ್ಟು ಒಳಗೆ ನಡೆದರು. ನನ್ನನ್ನು ದಾಟಿ ಹೋಗುವಾಗ ಅವರ ಉಸಿರು ಓಡಿ ಬಂದವರ ಉಸಿರಿನಂತಿತ್ತು.

ಮಾರನೆಯ ದಿನ ಮಾವ ಸೀಫ್ ಕಡೆಯ ಒಂದು ಹೋಟೆಲಿಗೆ ಹೋಗಿ ಕೈರುಚಿ ತೋರಿಸಿ ಬಂದ. ಅಲ್ಲಿಯ ಇಟಾಲಿಯನ್ ಅಡುಗೆಮನೆಗೆ ಅವನು ಬೇಕಾಗಿದ್ದ. ಆದರೆ ಬೇರೆ ಕಡೆ ಸೇರಬೇಕಾದರೆ ಅಪ್ಪ ರಿಲೀಸ್ ಕಾಗದಕ್ಕೆ ಸಹಿ ಹಾಕಬೇಕಿತ್ತು. ಮಾವ ಕಾಗದ ತಂದು ಊಟದ ಮೇಜಿನ ಮೇಲಿಟ್ಟ. ಅಪ್ಪ ಅದನ್ನು ನೋಡಿದರು, ಮುಟ್ಟಲಿಲ್ಲ. ಕ್ಯಾನ್ಸಲ್ ಮಾಡುತ್ತೇನೆ ಎಂದವರು ಕ್ಯಾನ್ಸಲ್ಲೂ ಮಾಡಲಿಲ್ಲ, ಬಿಟ್ಟೂ ಕೊಡಲಿಲ್ಲ. ಕಾಗದ ಮೇಜಿನ ಮೇಲೆಯೇ ಇತ್ತು. ಅಮ್ಮ ಬಡಿಸುವಾಗ ಅದನ್ನು ಎತ್ತಿಟ್ಟು, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಹೋಟೆಲಿನವರು ಫೋನು ಮಾಡಿ, ಇನ್ನು ಹೆಚ್ಚು ದಿನ ಕಾಯುವುದಿಲ್ಲ ಎಂದರು. ಮಾವ ಪೆಟ್ಟಿಗೆ ಕಟ್ಟತೊಡಗಿದ. ಮತ್ತೆ ಹಡಗಿಗೇ ಹೋಗುತ್ತೇನೆ ಎಂದು ನನಗೆ ಮಾತ್ರ ಹೇಳಿದ. ನಾನು ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಅಪ್ಪನಿಗೆ ಏನು ಹೇಳಿದಳೋ, ಕೋಣೆಯ ಬಾಗಿಲು ಮುಚ್ಚಿತ್ತು. ಬೆಳಿಗ್ಗೆ ಇಬ್ಬರ ಕಣ್ಣೂ ಕೆಂಪಗಿತ್ತು.

ಆ ಶುಕ್ರವಾರ ಅಪ್ಪ ಅಂಗಡಿಗೆ ಹೋಗಲಿಲ್ಲ. ಹಿತ್ತಿಲಿಗೆ ಬಂದು ಒಲೆಯ ಎದುರು ನಿಂತು, ನನಗೆ ಹೇಳಿದರು:

"ನಿನ್ನ ಮಾವನಿಗೆ ಹೇಳು. ಇದರಲ್ಲಿ ಒಂದು ಮಾಡಿ ಕೊಡ್ಲಿಕ್ಕೆ ಆಗ್ತದಾ ಅಂತ ಕೇಳು."

ಮಾವ ಅಲ್ಲೇ ಇದ್ದ. ನಾನು ಹೇಳಬೇಕಾಗಲಿಲ್ಲ. ಡಬ್ಬಿಯಲ್ಲಿ ಹಿಟ್ಟು ಇತ್ತು. ಮನೆಯಲ್ಲಿ ಏನೇ ನಡೆಯಲಿ, ಅವನು ಹಿಟ್ಟು ಕಲಸುವುದನ್ನು ಬಿಟ್ಟಿರಲಿಲ್ಲ. ತೋಟದವರು ಕಡಿದು ಎಸೆದಿದ್ದ ಒಣ ಕಟ್ಟಿಗೆಯಲ್ಲಿ ಬೆಂಕಿ ಹಾಕಿದ. ಒಲೆಯೊಳಗಿನ ಮಸಿ ಉರಿದು ಇಟ್ಟಿಗೆ ಬೆಳ್ಳಗಾಗುವವರೆಗೂ ಕಟ್ಟಿಗೆ ಒಟ್ಟುತ್ತಲೇ ಇದ್ದ. ಅಮ್ಮ ಟೊಮೆಟೊ ಹಿಸುಕಿದಳು. ಅಪ್ಪ ಕೈ ಕಟ್ಟಿಕೊಂಡು ನಿಂತೇ ಇದ್ದರು. ಮತ್ತೆ ಏನಾದರೂ ಅನ್ನುತ್ತಾರೆ, ಮತ್ತೆ ತಟ್ಟೆಗೆ ವಾಪಸು ಇಡುತ್ತಾರೆ ಎಂದು ನಾನು ಕಾಯುತ್ತಿದ್ದೆ. ಮಾವ ಮೊದಲ ಪಿಜ್ಜಾ ಒಳಗೆ ಜಾರಿಸಿ, ಒಮ್ಮೆ ತಿರುಗಿಸಿ, ಹೊರಗೆ ತೆಗೆದು ಅಪ್ಪನ ಮುಂದಿಟ್ಟ. ಹೊಗೆಯ ಕಂಪು, ಸುಟ್ಟ ಹಿಟ್ಟಿನ ಕಂಪು, ಬಿಸಿಗೆ ಬಾಡಿದ ಎಲೆಯ ಕಂಪು ಒಟ್ಟಿಗೇ ಎದ್ದವು. ಅಪ್ಪ ಕುರ್ಚಿಯಲ್ಲಿ ಕೂತು ಒಂದು ತುಂಡು ಮಡಚಿ ತಿಂದರು. ಎರಡನೆಯದು ತಿಂದರು. ಇಡೀ ಪಿಜ್ಜಾವನ್ನು, ಅಂಚು ಸಹ ಬಿಡದೆ, ಯಾರಿಗೂ ಕೊಡದೆ, ತಲೆ ಎತ್ತದೆ ತಿಂದು ಮುಗಿಸಿದರು.

ಆಮೇಲೆ ಕೈ ನೋಡಿಕೊಳ್ಳುತ್ತ ಮಾತಾಡಿದರು.

"ನಾನು ಈ ಊರಿಗೆ ಬಂದದ್ದು ಒಂದು ಕೆಫೆಟೇರಿಯಾದಲ್ಲಿ ಟೇಬಲ್ ಒರೆಸ್ಲಿಕ್ಕೆ. ನಾನು ಮೊದಲು ತಿಂದ ಪಿಜ್ಜಾ, ಯಾರೋ ತಿಂದು ಬಿಟ್ಟು ಹೋದ ತುಂಡು. ಅಂಗಡಿಯ ಹಿಂದೆ ನಿಂತು ತಿಂದೆ. ಅಂಥ ರುಚಿ ನಾನು ಹುಟ್ಟಿದ ಮೇಲೆ ಕಂಡಿರ್ಲಿಲ್ಲ. ಒಂದು ದಿನ ಇದನ್ನೇ ಮಾಡಿ ಮಾರ್ಬೇಕು, ನನ್ನ ಮಕ್ಕಳು ಇಡೀ ಪಿಜ್ಜಾ ಎದುರು ಕೂತು ತಿನ್ಬೇಕು ಅಂತ ಅವತ್ತು ಅಂದುಕೊಂಡೆ. ಅದೇ ಸಾಸು, ಅದೇ ಚೀಸು. ಅದು ಪಿಜ್ಜಾ ಅಲ್ಲ ಅಂತ ಇವನು ಹೇಳಿದ."

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು.

"ನನಗೂ ಇದನ್ನ ಹೇಳ್ಲಿಲ್ಲ ನೀವು" ಎಂದಳು ಅಮ್ಮ.

"ಹೇಳುವಂಥದ್ದಾ ಅದು?"

ಮಾವ ಹಿಟ್ಟು ಮೆತ್ತಿದ ಕೈಯಲ್ಲೇ ನಿಂತಿದ್ದ. ಅಪ್ಪನ ಎದುರು ಮರಳಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, "ಭಾವ, ಆ ಮಾತ್ ನಾನ್ ಹಂಗೆ ಹೇಳ್ಬಾರ್ದಿತ್ತ್" ಎಂದ. ಅಪ್ಪ ತಲೆಯಾಡಿಸಿದರು, ಆದರೆ ಕ್ಷಮಿಸಿದೆ ಎನ್ನಲಿಲ್ಲ. "ಇದು ಚೆನ್ನಾಗುಂಟು" ಎಂದರು. "ಆದ್ರೆ ನನ್ನ ಗಿರಾಕಿಗಳಿಗೆ ಇದು ಬೇಡ. ನನಗೆ ಅವರೂ ಬೇಕು." ಒಳಗೆ ಹೋಗಿ ಕಾಗದಕ್ಕೆ ಸಹಿ ಹಾಕಿ ತಂದು ಮಾವನ ಜೇಬಿಗೆ ತುರುಕಿದರು, ಮಾವನ ಕೈ ಹಿಟ್ಟಾಗಿತ್ತಲ್ಲ. ಅಮ್ಮ ಆಚೆ ತಿರುಗಿ ಕಣ್ಣೊರೆಸಿಕೊಂಡಳು. ಅದು ಸಂತೋಷಕ್ಕೋ, ತಮ್ಮ ಮನೆ ಬಿಟ್ಟು ಹೋಗುತ್ತಾನೆಂಬ ದುಃಖಕ್ಕೋ, ನಾನು ಕೇಳಲಿಲ್ಲ.

ಮಾವ ಹೋಟೆಲಿನವರು ಕೊಟ್ಟ ರೂಮಿಗೆ ಹೋದ. ಅಪ್ಪನ ಅಂಗಡಿಯ ಮೆನು ಬದಲಾಗಲಿಲ್ಲ. ನಾವು ಬಹ್ರೇನ್ ಬಿಡುವವರೆಗೂ ಅದೇ ದಪ್ಪ ಪಿಜ್ಜಾ, ಅದೇ ಸಿಹಿ ಸಾಸು. ನಾನು ಎರಡನ್ನೂ ತಿಂದು ಬೆಳೆದೆ. ಯಾವುದು ಹೆಚ್ಚು ಇಷ್ಟ ಎಂದು ಮನೆಯಲ್ಲಿ ಯಾರಾದರೂ ಕೇಳಿಯಾರೆಂದು ಬಹಳ ಕಾಲ ಹೆದರಿಕೆಯಿತ್ತು, ಯಾರೂ ಕೇಳಲಿಲ್ಲ. ತನ್ನ ರಜೆಯ ದಿನ ಮಾವ ಬಂದು ಹಿತ್ತಿಲಿನಲ್ಲಿ ಬೆಂಕಿ ಹಾಕುತ್ತಿದ್ದ. ಮೊದಮೊದಲು ಅಪ್ಪ ದೂರ ಕೂತು ಪೇಪರು ಓದುವವರಂತೆ ಮಾಡುತ್ತಿದ್ದರು.

ಒಂದು ದಿನ ಹಿತ್ತಿಲಿನಿಂದ ಇಬ್ಬರ ಧ್ವನಿಯೂ ಏರಿದ್ದು ಕೇಳಿಸಿತು. ಟೊಮೆಟೊಗೆ ಚಿಟಿಕೆ ಸಕ್ಕರೆ ಹಾಕಿದರೆ ಏನು ಗಂಟು ಹೋಗುತ್ತದೆ ಎಂದು ಅಪ್ಪ, ಹಾಕಿದರೆ ನಾನು ಒಲೆ ಆರಿಸಿ ಹೋಗುತ್ತೇನೆ ಎಂದು ಮಾವ. ಅಪ್ಪ ತುಳುವಿಗೆ ಇಳಿದಿದ್ದರು, ಮಾವ ಕುಂದಾಪುರಕ್ಕೆ. ನಾನು ಅಡುಗೆಮನೆಗೆ ಓಡಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು.

"ಅಮ್ಮ, ಮತ್ತೆ ಶುರುವಾಯ್ತು. ಹೋಗಿ ನಿಲ್ಲಿಸು."

"ಬಿಡು" ಎಂದಳು ಅಮ್ಮ. "ಒಬ್ಬರಿಗೊಬ್ಬರು ಕೂಗ್ತಿದ್ದಾರಲ್ಲ."

ಆಮೇಲೆ ಎದ್ದು ಹೋಗಿ, ಇನ್ನೂ ಸರಿಯಾಗಿ ಕೇಳಿಸಲೆಂದು ಅಡುಗೆಮನೆಯ ಫ್ಯಾನು ಆರಿಸಿದಳು.